ಮುಂದಿನ ಚಕ್ರದ ಮುಕ್ತಾರ್

ಯಲಹಂಕದಾಚೆಯ ಒಂದು ವಿಮಾನ ತರಬೇತಿ ಶಾಲೆಯಲ್ಲಿ ಮುಕ್ತಾರನಿಗೆ ಇಪ್ಪತ್ತೆರಡು ವರ್ಷದಿಂದ ಇದ್ದದ್ದು ಒಂದೇ ಕೆಲಸ. ಬೆಳಿಗ್ಗೆ ಶೆಡ್ಡಿನ ಬಾಗಿಲು ಸರಿಸಿ, ಎರಡು ಸೀಟಿನ ಪುಟ್ಟ ವಿಮಾನಗಳ ಮುಂದಿನ ಚಕ್ರಕ್ಕೆ ಟೋ ಬಾರ್ ಸಿಕ್ಕಿಸಿ ಒಂದೊಂದನ್ನೇ ಬಯಲಿಗೆ ಎಳೆದು ತರುವುದು, ಸಂಜೆ ಮತ್ತೆ ಒಳಗೆ ತಳ್ಳುವುದು. ಟೋ ಬಾರ್ ದೊಡ್ಡ ಯಂತ್ರವೇನಲ್ಲ. ಎದೆಮಟ್ಟದ ಕಬ್ಬಿಣದ ಕೋಲು. ಒಂದು ತುದಿಗೆ ಹಿಡಿ, ಇನ್ನೊಂದು ತುದಿಯಲ್ಲಿ ಕವಲು. ಕವಲಿನ ಎರಡು ಮೊಳೆಗಳನ್ನು ಚಕ್ರದ ಎರಡೂ ಬದಿಯ ತೂತುಗಳಲ್ಲಿ ಕೂರಿಸಿದರೆ ಒಬ್ಬನೇ ಆಳು ವಿಮಾನವನ್ನು ಬೇಕಾದತ್ತ ತಿರುಗಿಸಬಹುದು. ಕೂರಿಸಲು ಬಗ್ಗಿದಾಗ ಮಾತ್ರ ಪ್ರೊಪೆಲ್ಲರಿನ ಅಲಗು ತಲೆಯಿಂದ ಒಂದೇ ಗೇಣು ದೂರದಲ್ಲಿರುತ್ತದೆ. ನೋಡಿದವರ ಎದೆ ಝಲ್ಲೆನ್ನಬೇಕು, ಹಾಗಿರುತ್ತದೆ. ಮುಕ್ತಾರನಿಗೆ ಅದು ಮನೆಯ ಫ್ಯಾನಿನಷ್ಟೇ ಸಲೀಸಾಗಿಬಿಟ್ಟಿತ್ತು.

ಅದಕ್ಕೆ ಮೊದಲು ಅವನು ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದ. ಸೊಂಟ ಹಿಡಿದುಕೊಂಡು ಮನೆಯಲ್ಲಿ ಕೂತಿದ್ದಾಗ ಯಾರದೋ ಮಾತಿನ ಮೇಲೆ ಈ ಶಾಲೆಗೆ ಸೇರಿದ. ಕೆಲಸ ಕಲಿಸಿದವನು ಕೊಡಿಗೇಹಳ್ಳಿಯ ಲಕ್ಕಣ್ಣ. ಅಣ್ಣತಮ್ಮಂದಿರು ಹೊಲವನ್ನು ಸೈಟು ಮಾಡಿ ಮಾರಿ ಮೂರಂತಸ್ತಿನ ಮನೆ ಕಟ್ಟಿಕೊಂಡರೂ ಲಕ್ಕಣ್ಣ ಮಾತ್ರ ಆರು ಗಂಟೆಗೇ ಸೈಕಲ್ಲು ಹತ್ತಿ ಕೆಲಸಕ್ಕೆ ಬರುತ್ತಿದ್ದ. ಮನೆಯಲ್ಲಿ ಸುಮ್ಮನೆ ಕೂತರೆ ಕಾಲು ಜೋಮು ಹಿಡಿಯುತ್ತದೆ ಎನ್ನುತ್ತಿದ್ದ. ಟೋ ಬಾರಿಗೆ ಅವನಿಟ್ಟ ಹೆಸರು ಮೂಗುದಾರ.

"ಮೂಗುದಾರ ಆಕು ಮುಕ್ತಾರ. ಎತ್ತಿಗೂ ಇದುಕ್ಕೂ ಏನೂ ಯತ್ಯಾಸ ಇಲ್ಲ ಕಣೋ. ಇದು ಸಗಣಿ ಆಕಲ್ಲ, ಅಷ್ಟೇಯ" ಎಂದು ಮೊದಲ ದಿನವೇ ನಗಿಸಿದ್ದ. ನಕ್ಕು ಮುಗಿಯುವ ಮೊದಲೇ ಮುಖ ಗಂಟಿಕ್ಕಿಕೊಂಡು, "ಬಾರು ಚಕ್ರದಾಗೆ ಇರೋಗಂಟ ನಿನ್ ಕೈ ಬಾರಿನ್ ಮ್ಯಾಲೇ ಇರ್ಬೇಕು. ಅದುನ್ನ ಬುಟ್ಟು ಎಲ್ಲೂ ಓಗಂಗಿಲ್ಲ" ಎಂದಿದ್ದ.

ಇಪ್ಪತ್ತೆರಡು ವರ್ಷ ಮುಕ್ತಾರ್ ಅದನ್ನು ಬಿಟ್ಟು ಎಲ್ಲೂ ಹೋಗಿರಲಿಲ್ಲ. ಹೋದದ್ದು ಒಂದು ಗುರುವಾರ, ಬೆಳಿಗ್ಗೆ ಏಳೂವರೆಗೆ.

ಅಂದು ಒಂದು ವಿಮಾನದ ಎಂಜಿನ್ ಓಡಿಸಿ ನೋಡಬೇಕಿತ್ತು. ಹಾರಾಟ ಕಲಿಸುವ ಉಮೇಶ್ ಒಬ್ಬನೇ ಒಳಗೆ ಕೂತಿದ್ದ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಲಕ್ಕಣ್ಣ ಎದುರಿಗೆ, ಕೊಂಚ ಓರೆಯಾಗಿ, ಹತ್ತು ಮಾರು ದೂರ ನಿಂತಿದ್ದ. ಮುಕ್ತಾರ್ ವಿಮಾನವನ್ನು ಗೆರೆಗೆ ತಂದು ನಿಲ್ಲಿಸಿದ. ಬಾರ್ ಇನ್ನೂ ಚಕ್ರದಲ್ಲೇ ಇತ್ತು. ಮೇಲೆ ವಾಯುಪಡೆಯ ವಿಮಾನವೊಂದು ಗುಡುಗುತ್ತಾ ಹಾದುಹೋಯಿತು. ಆ ಸದ್ದಿನ ನಡುವೆ ಉಮೇಶ್ ಕಿಟಕಿಯಿಂದ ಏನೋ ಕೂಗಿದ. ಮುಕ್ತಾರ್ "ಆಯ್ತು ಸಾರ್" ಎಂದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು.

ಆ ಬಯಲಿಗೆ ಫೋನು ತರುವಂತೆಯೇ ಇಲ್ಲ. ಆದರೆ ಹಿಂದಿನ ರಾತ್ರಿಯಿಂದ ಮೂರು ವರ್ಷದ ಮೊಮ್ಮಗಳು ಅಫ್ರೀನಳ ಮೈ ಕೆಂಡದಂತೆ ಸುಡುತ್ತಿತ್ತು. ತೆಗೆದು ನೋಡಿದ: ಹೆಂಡತಿ ನಸೀಮಾ. ಗದ್ದಲದಲ್ಲಿ ಕೇಳಿಸದೆ, ಒಂದು ಕಿವಿ ಮುಚ್ಚಿಕೊಂಡು ರೆಕ್ಕೆಯ ಆಚೆಗೆ ಹತ್ತು ಹೆಜ್ಜೆ ನಡೆದ. ಮಗು ಕಣ್ಣು ಮೇಲೆ ಮಾಡುತ್ತಿದೆ ಎಂದು ನಸೀಮಾ ಅಳುತ್ತಿದ್ದಳು. ಎಂಜಿನ್ ಹತ್ತಿಸುವ ಮುನ್ನ ದೂರ ಸರಿಯಿರಿ ಎನ್ನಲು ಉಮೇಶ್ "ಕ್ಲಿಯರ್" ಎಂದು ಕೂಗಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ಕೂತ ಜಾಗದಿಂದ ಉಮೇಶನಿಗೆ ಮುಂದಿನ ಚಕ್ರ ಕಾಣುತ್ತಿರಲಿಲ್ಲ. ಲಕ್ಕಣ್ಣ ಸಿಲಿಂಡರಿನ ಪಿನ್ನು ನೋಡುತ್ತಾ ತಲೆ ತಗ್ಗಿಸಿದ್ದ. ಎಂಜಿನ್ ಹತ್ತಿತು. ಅಲಗು ಬಾರಿಗೆ ಬಡಿಯಿತು. ಬಾರು ಚಕ್ರದಿಂದ ಕಿತ್ತು ಹಾರಿ ಲಕ್ಕಣ್ಣನ ಹೊಟ್ಟೆಗೆ ತಗುಲಿತು.

ಏನಾಯಿತು, ಅದೇನು ಸದ್ದು ಎಂದು ಫೋನಿನಲ್ಲಿ ನಸೀಮಾ ಕಿರುಚುತ್ತಲೇ ಇದ್ದಳು: "ಕ್ಯಾ ಹುವಾ ಜೀ? ಕ್ಯಾ ಆವಾಜ್ ವೋ?"

ಮಗುವಿನ ಜ್ವರ ಸಂಜೆಗೆ ಇಳಿಯಿತು. ಲಕ್ಕಣ್ಣ ಶುಕ್ರವಾರ ಮುಂಜಾನೆ ಆಸ್ಪತ್ರೆಯಲ್ಲಿ ತೀರಿಕೊಂಡ.

ಶನಿವಾರ ಶಾಲೆಯ ಆಫೀಸಿನಲ್ಲಿ ಮುಕ್ತಾರ್, ಉಮೇಶ್ ಇಬ್ಬರನ್ನೂ ಕೂರಿಸಿದರು. ಹೇಳಿಕೆ ಟೈಪ್ ಮಾಡುವವಳು ಶಾಂತಲಾ. ಉಮೇಶನಿಗೆ ಮೂವತ್ತು ದಾಟಿರಲಿಲ್ಲ. ಎರಡು ರಾತ್ರಿ ನಿದ್ದೆಯಿಲ್ಲದೆ ಮುಖ ಊದಿಕೊಂಡಿತ್ತು.

"ಬಾರ್ ತೆಗ್ದ್ರಾ ಅಂತ ಕೇಳ್ದೆ ನಾನು. ನೀವು ಆಯ್ತು ಅಂದ್ರಿ ಮುಕ್ತಾರಣ್ಣ."

"ಇಲ್ಲ ಸಾರ್. ಬಾರ್ ತೆಗೀರಿ ಅಂದ್ರಿ. ಅದಕ್ಕೇ ನಾನು ಆಯ್ತು ಅಂದೆ."

"ಆಯ್ತು ಅಂದ್ರೆ ಆಯ್ತು ಅಂತ ತಾನೇ ಅರ್ಥ? ಕೆಲ್ಸ ಮುಗೀತು ಅಂತ!"

"ಆಯ್ತು ಅಂದ್ರೆ ಮಾಡ್ತೀನಿ ಅಂತ ಸಾರ್. ದಿನಾ ಹೇಳೋದೇ ಅದು."

ಶಾಂತಲಾ ಕೀಲಿಮಣೆಯಿಂದ ಕೈ ತೆಗೆದಳು. "ಇದನ್ನ ನಾನು ಇಂಗ್ಲಿಷ್‌ನಲ್ಲಿ ಕಳಿಸ್ಬೇಕು ಕಣ್ರೀ. ಮುಗೀತು ಅಂತ ಬರೀಲಾ, ಮಾಡ್ತೀನಿ ಅಂತ ಬರೀಲಾ? ಎರಡೂ ಆಗೋ ಪದ ಅಲ್ಲಿಲ್ಲ."

ಮುಗೀತು ಎಂದು ಬರೆದರೆ ಲಕ್ಕಣ್ಣನ ಸಾವು ಮುಕ್ತಾರನ ತಲೆಗೆ. ಮಾಡ್ತೀನಿ ಎಂದು ಬರೆದರೆ ಅವಸರ ಮಾಡಿದವನು ಉಮೇಶ್, ಅವನು ಇನ್ನು ಹಾರುವ ಹಾಗಿಲ್ಲ. "ಮಾಡ್ತೀನಿ ಅಂತ" ಎಂದ ಮುಕ್ತಾರ್. ಅದು ಸುಳ್ಳೂ ಆಗಿರಲಿಲ್ಲ. ತೆಗೆಯುವೆನೆಂದೇ ಅಂದಿದ್ದ. ಫೋನಿನ ಮಾತು ಮಾತ್ರ ಆಡಲಿಲ್ಲ. ಯಾರೂ ಕೇಳಲೂ ಇಲ್ಲ. ಸೋಮವಾರ ಬಂದು ಸಹಿ ಹಾಕಿ ಎಂದರು.

ಆರ್.ಟಿ. ನಗರದ ಮನೆಗೆ ಬಂದಾಗ ನಸೀಮಾ ಬಾಗಿಲಲ್ಲೇ ನಿಂತಿದ್ದಳು. "ಫೋನ್ ಕಾ ಬಾತ್ ನಕ್ಕೋ ಬೋಲೋ ಜೀ" ಎಂದಳು. ಹೇಳಬೇಡಿ, ಕೈ ಮುಗಿಯುತ್ತೇನೆ. ಅವನು ತಲೆಯಾಡಿಸಿದ.

ಭಾನುವಾರ ಲಕ್ಕಣ್ಣನ ಹಾಲುತುಪ್ಪ. ಹೋಗದೆ ಇರುವುದು ಹೇಗೆ? ನೆಂಟರೆಲ್ಲ ಊಟಕ್ಕೆ ಎದ್ದ ಮೇಲೆ ಲಕ್ಕಣ್ಣನ ಹೆಂಡತಿ ಕೃಷ್ಣಮ್ಮ ಜಗಲಿಗೆ ಬಂದು ಅವನ ಎದುರು ಕೂತಳು.

"ಎಲ್ಲಾರೂ ಒಂದೊಂದ್ ತರ ಏಳ್ತಾವ್ರೆ. ನೀನ್ ಕಣ್ಣಾರೆ ಕಂಡೋನು. ನೀನ್ ಏಳಪ್ಪ."

ಮುಕ್ತಾರ್ ಶನಿವಾರ ಹೇಳಿದ್ದನ್ನೇ ಹೇಳಿದ. ತೆಗೀರಿ ಅಂದರು, ಆಯ್ತು ಅಂದೆ, ತೆಗೆಯುವಷ್ಟರಲ್ಲಿ ಎಂಜಿನ್ ಹತ್ತಿಸಿಬಿಟ್ಟರು. ಮಾತು ಗಂಟಲಲ್ಲಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅದು ಅವನಿಗೇ ಹೆದರಿಕೆ ಹುಟ್ಟಿಸಿತು.

ಕೃಷ್ಣಮ್ಮ ಲೆಕ್ಕ ತಾಳೆಯಾಗದ ಹೆಂಗಸಿನ ಹಾಗೆ ನಿಧಾನವಾಗಿ ಕೇಳಿದಳು: "ತೆಗೀತೀನಿ ಅಂದೋನು ಬಗ್ಗಿರ್ಬೇಕಿತ್ತಲ್ಲಪ್ಪ. ಆ ಅಲಗು ಅಂಗೆ ತಲೆ ಮ್ಯಾಲೇ ಇರ್ತದೆ ಅಂತ ಇವ್ರು ಏಳೋರು. ನೀನು ಬಗ್ಗಿದ್ರೆ ನಿನ್ ತಲೇನೇ ಓಗ್ತಿತ್ತು. ನಿಂಗೊಂದು ಗೀರೂ ಇಲ್ಲ. ನೀನ್ ಎಲ್ಲಿದ್ದೆ?"

ಒಳಗೆ ಎಲೆಗೆ ಬಡಿಸುವವರ ಸದ್ದು. ಎಂಜಿನಿಯರರು, ಆಫೀಸಿನವರು, ಪೊಲೀಸರು ಯಾರೂ ಕೇಳದ ಪ್ರಶ್ನೆ ಅದು.

"ಫೋನ್ ಬಂತು ಅಕ್ಕ. ಮಗೂಗೆ ಜ್ವರ ಇತ್ತು. ಆ ಕಡೆ ಹೋದೆ. ಬಾರ್ ಅಲ್ಲೇ ಬಿಟ್ಟು ಹೋದೆ."

ಅವಳು ಬೈಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಳು. "ಮಗೀಗೆ ಬುಡ್ತಾ ಜ್ವರ?"

"ಬಿಡ್ತು ಅಕ್ಕ."

"ಅಲ್ಲೂ ಓಗಿ ಇದುನ್ನೇ ಏಳು. ಏಳ್ದೆ ಇದ್ರೆ ಈ ಮನೆ ಬಾಗ್ಲಿಗೆ ಬರ್ಬ್ಯಾಡ." ಎದ್ದು ಒಳಗೆ ಹೋದಳು. ಊಟಕ್ಕೆ ಏಳು ಎನ್ನಲಿಲ್ಲ.

ಸೋಮವಾರ ಶಾಂತಲಾ ಹಾಳೆ ಮುಂದಿಟ್ಟಾಗ ಮುಕ್ತಾರ್ ಪೆನ್ನು ಮುಟ್ಟಲಿಲ್ಲ. "ಇನ್ನೊಂದು ಸಾಲು ಸೇರಿಸ್ಬೇಕಮ್ಮ" ಎಂದ. ಅವಳು ಟೈಪ್ ಮಾಡುತ್ತಾ ಒಮ್ಮೆ ನಿಲ್ಲಿಸಿ, "ಗೊತ್ತಾಗ್ತಿದ್ಯಾ ನಿಮಗೆ, ಏನು ಹೇಳ್ತಿದೀರಾ ಅಂತ? ಇದು ಕೇಸಾಗುತ್ತೆ" ಎಂದಳು. ಗೊತ್ತು ಎಂದ. ಸಹಿ ಹಾಕಿದ. ಕೊರಳಿನಲ್ಲಿದ್ದ ಪಾಸು ಬಿಚ್ಚಿಸಿಕೊಂಡರು. ಪೊಲೀಸರು ಕರೆದಾಗ ಬರಬೇಕು, ಊರು ಬಿಡಬಾರದು ಎಂದರು. ಹೊರಗೆ ಉಮೇಶ್ ಗೋಡೆಗೆ ಒರಗಿ ನಿಂತಿದ್ದ. ಮುಕ್ತಾರನನ್ನು ಕಂಡು ಮುಖ ತಿರುಗಿಸಿದ.

ಹೆಬ್ಬಾಳದ ಮೇಲ್ಸೇತುವೆಯ ವಾಹನಗಳ ಸಾಲಿನಲ್ಲಿ ಮೊಪೆಡ್ಡು ಮುಂದಕ್ಕೆ ಹೋಗಲೇ ಒಲ್ಲದು. ಮನೆ ಮುಟ್ಟಿದಾಗ ಮಧ್ಯಾಹ್ನ ಎರಡಾಗಿತ್ತು. ನಸೀಮಾ ಅಫ್ರೀನಳಿಗೆ ಗಂಜಿ ತಿನ್ನಿಸುತ್ತಿದ್ದಳು. ಅವನ ಬರಿಗೊರಳು ನೋಡಿದಳು. ಚಮಚ ಗಾಳಿಯಲ್ಲೇ ನಿಂತಿತು.

"ಹೇಳಿಬಿಟ್ಟಿರಾ?" ಎಂದು ತಮ್ಮ ಮನೆಮಾತಿನಲ್ಲೇ ಕೇಳಿದಳು.

"ಹೌ."

"ನನ್ನ ಹೆಸರು ಇದೆಯಾ ಅದರಲ್ಲಿ?"

"ಇಲ್ಲ. ಮನೆಯಿಂದ ಫೋನ್ ಬಂತು ಅಂತ ಇದೆ, ಅಷ್ಟೇ."

"ಮನೆ ಅಂದರೆ ಇನ್ನಾರು ಜೀ?" ಎಂದಳು ನಸೀಮಾ. ಮಗು ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಮುಕ್ತಾರ್ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡು ತಾನೇ ತಿನ್ನಿಸತೊಡಗಿದ.