ಇಳಿಸಿಟ್ಟ ತೇಪೆಗಳು

ಆ ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ತೇಪೆಯಣ್ಣ ಎನ್ನುತ್ತಿದ್ದರು. ನೆಲಮಾಳಿಗೆಯಲ್ಲಿ ಎರಡು ಬೀರುವಿನಷ್ಟು ದೊಡ್ಡ ಮೇನ್‌ಫ್ರೇಮ್ ಕಂಪ್ಯೂಟರ್ ಇತ್ತು. ರೋಗಿಗಳ ಸರದಿ, ಹಾಸಿಗೆ, ಆಪರೇಷನ್ ದಿನ, ಎಲ್ಲ ಅದರ ಹೊಟ್ಟೆಯಲ್ಲಿ. ಯಂತ್ರ ಮಾರಿದ ಕಂಪನಿ ತನ್ನ ಸಾಫ್ಟ್‌ವೇರಿನಲ್ಲಿ ಕಂಡ ದೋಷಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಕಳಿಸುತ್ತಿತ್ತು, ಒಂದೊಂದಕ್ಕೂ ಒಂದು ತೇಪೆಯ, ಅಂದರೆ ಆ ದೋಷ ಸರಿಪಡಿಸುವ ಪುಟ್ಟ ಪ್ರೋಗ್ರಾಮಿನ, ಜೊತೆಗೆ. ಅದನ್ನು ಯಂತ್ರಕ್ಕೆ ಇಳಿಸಿಕೊಂಡು, ಪರೀಕ್ಷಿಸಿ, ಆಮೇಲೆ ಯಂತ್ರವನ್ನು ಅರ್ಧ ದಿನ ನಿಲ್ಲಿಸಿ ಹಚ್ಚುವುದು ಇವನ ಕೆಲಸ.

ನಿಲ್ಲಿಸಲು ಬಿಡುವವರು ಯಾರು? ಒಮ್ಮೆ ಕೇಳಿದ್ದಕ್ಕೆ ಮೇಲಧಿಕಾರಿ, "ರೋಗಿಗಳಿಗೂ ಅರ್ಧ ದಿನ ರಜ ಕೊಟ್ಬಿಡ್ಲೇನಯ್ಯಾ?" ಎಂದು ಎಲ್ಲರೆದುರು ಉಗಿದ. ಇವನು ಮತ್ತೆ ಕೇಳಲಿಲ್ಲ. ತೇಪೆಗಳು ಬಂದವು, ಇಳಿದವು, ಅಲ್ಲೇ ಕೊಳೆತವು.

ವರ್ಷಕ್ಕೊಮ್ಮೆ ಆಡಿಟರ್ ಬರುತ್ತಿದ್ದರು. "ಗೊತ್ತಿರೋ ದೋಷಕ್ಕೆಲ್ಲ ತೇಪೆ ಆಗಿದೆಯೇನ್ರಿ?" ಎಂದರೆ ಇವನು 'ಬಂದವು' ಎಂಬ ಪಟ್ಟಿ ಮುಂದಿಡುತ್ತಿದ್ದ. ಅವರು ಎಣಿಸಿ ಟಿಕ್ ಹಾಕುತ್ತಿದ್ದರು. 'ಹಚ್ಚಿದವು' ಎಂಬ ಪಟ್ಟಿಯೇ ಬೇರೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಇವನು ಸುಳ್ಳು ಹೇಳಲಿಲ್ಲ. ಬಾಯಿ ಬಿಡಲಿಲ್ಲ, ಅಷ್ಟೆ.

ಕ್ಯಾಂಟೀನಿನಲ್ಲಿ ಮಾತ್ರ ನನಗೆ ಈ ಎರಡು ಪಟ್ಟಿಯ ಗುಟ್ಟು ಹೇಳಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ ಆಡಿಟರನ್ನು ಅಣಕಿಸುತ್ತಿದ್ದ. ನಾನಾಗ ನೌಕರರ ಸಂಘದ ಕಾರ್ಯದರ್ಶಿ, ಗೇಟಿನಲ್ಲಿ ಧಿಕ್ಕಾರ ಕೂಗಿ ಗಂಟಲು ಹರಿದುಕೊಂಡವನು. ಆಡಳಿತಕ್ಕೆ ಯಾರು ಟೋಪಿ ಹಾಕಿದರೂ ನನಗೆ ಹಬ್ಬ. ಮೇಜು ಬಡಿದು ನಕ್ಕೆ.

ಆಮೇಲೆ ಒಂದು ದಿನ ಕಣ್ಣಿನ ಆಪರೇಷನ್ನಿಗೆಂದು ಬಂದ ಮುದುಕಿಯೊಬ್ಬಳು ಬೆಳಗಿನಿಂದ ಸಂಜೆಯವರೆಗೆ ಬರಿಹೊಟ್ಟೆಯಲ್ಲಿ ಬೆಂಚಿನ ಮೇಲೆ ಕೂತೇ ಇದ್ದಳು. ಯಂತ್ರದಲ್ಲಿ ಅವಳ ಹೆಸರೇ ಇಲ್ಲ. ಎರಡು ಕೌಂಟರಿನಲ್ಲಿ ಒಂದೇ ಕ್ಷಣಕ್ಕೆ ಹೆಸರು ಹತ್ತಿಸಿದರೆ ಒಂದು ಮಾಯವಾಗುತ್ತದೆ. ಆ ದೋಷದ ತೇಪೆ ಬಂದು ಮೂರು ವರ್ಷವಾಗಿತ್ತು. ಸಿಕ್ಕಿಬಿದ್ದವಳು ಕೌಂಟರಿನ ಟೈಪಿಸ್ಟ್. "ನಾನು ಹೆಸರು ಹಾಕಿದ್ದೆ" ಎಂದು ಅವಳು ಎಷ್ಟು ಬಡಕೊಂಡರೂ ಯಾರೂ ಕೇಳಲಿಲ್ಲ.

ವಿಚಾರಣೆಯಲ್ಲಿ ಅವಳ ಪರ ನಾನು ಕೂತೆ. ಸಾಕ್ಷಿಗೆ ತೇಪೆಯಣ್ಣ. ಆಡಿಟರ್ ತಮ್ಮದೇ ಟಿಕ್ಕುಗಳನ್ನು ತೋರಿಸಿದರು: "ತೇಪೆ ಎಲ್ಲ ಆಗಿವೆ. ಯಂತ್ರದ ತಪ್ಪಿಲ್ಲ. ಸರಿ ತಾನೇನ್ರಿ?"

"ಸರಿ ಸಾರ್" ಎಂದ ತೇಪೆಯಣ್ಣ. ನಾನು ಕಿಟಕಿ ನೋಡಿದೆ.

ಮೇಲಧಿಕಾರಿ ತಪ್ಪೊಪ್ಪಿಗೆಯ ಕಾಗದವನ್ನು ಅವಳ ಮುಂದೆ ತಳ್ಳಿದ. ರುಜು ಹಾಕಿದರೆ ಕೆಲಸ ಹೋದಂತೆ. ಅವಳು ಮೂಗು ಒರೆಸಿಕೊಂಡು ಪಕ್ಕದಲ್ಲಿದ್ದ ತೇಪೆಯಣ್ಣನತ್ತ ತಿರುಗಿದಳು. "ಅಣ್ಣಾ, ಪೆನ್ ಇದೆಯಾ?"

ಅವನು ಜೇಬಿನಿಂದ ಪೆನ್ ತೆಗೆದ. ಕೊಡಲಿಲ್ಲ.

"ತೇಪೆ ಅನ್ನೋ ಮಾತ್ರೆ ತಂದು ಕಪಾಟಲ್ಲಿಟ್ಟಿದ್ದೀನಿ ಸಾರ್. ನುಂಗ್ಸಿಲ್ಲ. ಏಳು ವರ್ಷದಿಂದ ಒಂದನ್ನೂ ನುಂಗ್ಸಿಲ್ಲ."

ಆಡಿಟರ್ ಕನ್ನಡಕ ಮೂಗಿನ ತುದಿಗೆ ಇಳಿಸಿದರು. ಥೇಟ್ ಅವನು ಅಣಕಿಸಿದ ಹಾಗೆಯೇ.

"ಮತ್ತೆ ನಾನು ಟಿಕ್ ಹಾಕುವಾಗ ಯಾಕ್ರೀ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಸಾರ್."

"ಏನು ಕೇಳ್ಬೇಕು ಅಂತ ನಂಗೆ ಹೇಗ್ರೀ ಗೊತ್ತಾಗ್ಬೇಕು?"

ಅವನು ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡ. ಟೈಪಿಸ್ಟ್ ಮೆಲ್ಲಗೆ ಕೇಳಿದಳು: "ಅವತ್ತು ಕೌಂಟರ್ ಮುಂದೆ ನಿಂತು ನನ್ನ ಸಮಾಧಾನ ಮಾಡಿದ್ರಲ್ಲ, ಆಗ್ಲೂ ಗೊತ್ತಿತ್ತಾ?"

ಅವನು ಹೌದೆಂದು ತಲೆಯಾಡಿಸಿದ.

ಅವಳ ಕೆಲಸ ಉಳಿಯಿತು. ಅವನಿಗೆ ಎರಡು ಬಡ್ತಿ ತಪ್ಪಿತು. ಮುಂದಿನ ಭಾನುವಾರ ಯಂತ್ರ ನಿಲ್ಲಿಸಿ ತೇಪೆ ಹಚ್ಚಿದರು. ಅರ್ಧ ದಿನ ಕೈಯಲ್ಲೇ ಚೀಟಿ ಬರೆದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಅವಳು ಮತ್ತೆ ಅವನನ್ನು ಅಣ್ಣ ಎನ್ನಲಿಲ್ಲ, ಸಾರ್ ಎಂದಳು. ಅವನು ಕೌಂಟರಿನ ಎದುರು ಹಾಯುವುದನ್ನೇ ಬಿಟ್ಟು ಹಿಂದಿನ ಮೆಟ್ಟಿಲು ಹಿಡಿದ. ಗೊತ್ತಿದ್ದೂ ನಕ್ಕಿದ್ದ ನಾನೂ ಅದೇ ಮೆಟ್ಟಿಲಲ್ಲೇ ಓಡಾಡುತ್ತಿದ್ದೆ. ಎದುರಾದಾಗ ಇಬ್ಬರೂ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದೆವು.