ಶಾರದಮ್ಮನವರ ಕಡೆಯ ಸ್ಪೀಕರ್

ದೆವ್ವ, ಪವಾಡ, ಯಾರದೋ ಮೈಮೇಲೆ ಯಾರೋ ಬಂದದ್ದು, ಇಂಥದ್ದನ್ನು ಯಾರಾದರೂ ಹೇಳಲು ಶುರುಮಾಡಿದರೆ ನಾನು ಮೊದಲು ಅವರ ಮುಖ ನೋಡುತ್ತಿದ್ದೆ, ಇದರಿಂದ ಇವರಿಗೇನು ಲಾಭ ಎಂದು. ನನ್ನ ಸ್ವಭಾವವೇ ಹಾಗೆ. ಹಾಲಿನವನು ಅಳೆದು ಕೊಟ್ಟ ಹಾಲನ್ನು ಒಳಗೆ ತಂದು ಇನ್ನೊಂದು ಸಲ ಅಳೆಯುವವನು ನಾನು. ಇದಕ್ಕಾಗಿ ಹೆಂಡತಿಯಿಂದ ಬೈಸಿಕೊಂಡದ್ದು ಅಷ್ಟಿಷ್ಟಲ್ಲ. ಈಗ ನಾನೇ ಅಂಥದ್ದೊಂದನ್ನು ಹೇಳಲು ಹೊರಟಿದ್ದೇನೆ. ನೀವೂ ನನ್ನ ಮುಖ ನೋಡಿ, ತಪ್ಪೇನಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನೂ ನನ್ನ ಸ್ನೇಹಿತ ನಾಗರಾಜನೂ ಬೇರೆ ಬೇರೆ ಆಫೀಸುಗಳಲ್ಲಿ ಗುಮಾಸ್ತರು. ರಜಾ ದಿನಗಳಲ್ಲಿ ಬನಶಂಕರಿಯ ನಮ್ಮ ಮನೆಯಿಂದ ಮೈಕ್ ಸೆಟ್ ನಡೆಸುತ್ತಿದ್ದೆವು. ವಿದೇಶಿ ಮಿಕ್ಸರು ನಮ್ಮಂಥವರ ಕೈಗೆಟುಕುವ ಮಾತಲ್ಲ. ಶ್ರೀನಗರದಲ್ಲಿ ಒಬ್ಬರು ಮನೆಯ ಮುಂದಿನ ಕೋಣೆಯಲ್ಲಿ ಕೂತು ತಾವೇ ಬೆಸುಗೆ ಹಾಕಿ ಮಾಡಿಕೊಡುತ್ತಿದ್ದ ಆರು ಚಾನಲ್ಲಿನ ಮಿಕ್ಸರನ್ನು ನಾಗರಾಜ ಹೊತ್ತು ತಂದ. ಮೊದಲ ದಿನದಿಂದಲೂ ನನಗೆ ಅದರ ಮೇಲೆ ಅನುಮಾನ. ಆನ್ ಮಾಡಿದರೆ ಸಾಕು, ಹಿಂದೆ ಗುಂಯ್ ಎನ್ನುವ ಸದ್ದು. ಎಂಥ ಕಂಚಿನ ಕಂಠದವರು ಮಾತಾಡಿದರೂ ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ. ಆದರೆ ಒಂದು ಒಪ್ಪಿಕೊಳ್ಳಬೇಕು, ಕಾರ್ಯಕ್ರಮದ ಮಧ್ಯೆ ಅದು ಎಂದೂ ನಿಂತಿರಲಿಲ್ಲ. ಕೆಟ್ಟದಾಗಿಯಾದರೂ ಎಲ್ಲರಿಗೂ ಕೇಳಿಸುತ್ತಿತ್ತು.

ಆ ಭಾನುವಾರ ಸಂಜೆ ಜಯನಗರದ ಒಂದು ಸಭಾಂಗಣದಲ್ಲಿ ನುಡಿನಮನ. ತೀರಿಕೊಂಡಿದ್ದವರು ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಶ್ರೀಕಂಠಯ್ಯ ಮೇಷ್ಟ್ರು. ಅವರ ಹೆಂಡತಿ ಶಾರದಮ್ಮನವರಿಗೆ ಕಿವಿ ಮಂದ. ಯಜಮಾನರ ಬಗ್ಗೆ ಯಾರು ಏನು ಹೇಳಿದರೂ ತಮಗೆ ಕೇಳಿಸಬೇಕು ಎಂದು ಅವರೇ ಹೇಳಿಕಳಿಸಿದ್ದರು. ಹಾಗಾಗಿ ವೇದಿಕೆಯ ಎಡಗಡೆಯ ಸ್ಪೀಕರಿನಿಂದ ಒಂದು ಮೊಳ ದೂರದಲ್ಲಿ ಅವರಿಗೆ ಕುರ್ಚಿ ಹಾಕಿಸಿದೆ. ಬಲಗಡೆಯ ಸ್ಪೀಕರಿನ ಪಕ್ಕದಲ್ಲಿ ನಾನು, ನಾಗರಾಜ, ಮಿಕ್ಸರು.

ಸಭೆ ಶುರುವಾಗುವ ಮೊದಲು ಮೇಷ್ಟ್ರ ಮಗ ರವಿ ನನ್ನನ್ನು ಪಕ್ಕಕ್ಕೆ ಕರೆದ. ಕೊನೆಗೆ ಮಾತಾಡಬೇಕಾದವರು ಅವನ ಚಿಕ್ಕಪ್ಪ ವಾಸುದೇವಯ್ಯ. ಹನ್ನೊಂದು ವರ್ಷದ ಹಿಂದೆ, ರವಿಯ ಅಜ್ಜಿಯ ವೈಕುಂಠ ಸಮಾರಾಧನೆಯ ದಿನ, ನೆಂಟರೆಲ್ಲ ಕೂತಿದ್ದಾಗ ಈ ಮನುಷ್ಯ ಎದ್ದು ನಿಂತು, ನಮ್ಮಮ್ಮನನ್ನು ಅತ್ತಿಗೆ ನೋಡಿಕೊಳ್ಳಲಿಲ್ಲ, ಅದಕ್ಕೇ ಅವಳು ಸತ್ತಳು ಎಂದು ಕೂಗಾಡಿ ಹೊರಟುಹೋಗಿದ್ದರಂತೆ. ಮತ್ತೆ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅಣ್ಣ ಹೋದಾಗಲೂ ನೇರವಾಗಿ ಸ್ಮಶಾನಕ್ಕೆ ಬಂದು ಹೋಗಿದ್ದರು. ಈಗ ತಾನೂ ನಾಲ್ಕು ಮಾತಾಡುತ್ತೇನೆ ಎಂದು ಹೇಳಿಕಳಿಸಿದಾಗ ಶಾರದಮ್ಮ ತಕ್ಷಣ ಒಪ್ಪಿದ್ದರು. ನಾಲ್ಕು ಜನರ ಮುಂದೆ ಆಡಿದ ಮಾತನ್ನು ಮೈದುನ ನಾಲ್ಕು ಜನರ ಮುಂದೆಯೇ ವಾಪಸ್ಸು ತೆಗೆದುಕೊಳ್ಳುತ್ತಾನೆ ಎಂದು ಅವರ ಆಸೆ. ರವಿಗೆ ಆ ನಂಬಿಕೆ ಇರಲಿಲ್ಲ.

"ಸಾರ್, ಚಿಕ್ಕಪ್ಪ ಏನಾದ್ರೂ ಅಡ್ಡಾದಿಡ್ಡಿ ಶುರು ಮಾಡಿದ್ರೆ ಮೈಕ್ ಆಫ್ ಮಾಡ್ಬಿಡಿ. ಮಿಕ್ಸರ್ ಕೈಕೊಡ್ತು ಅಂದ್ರೆ ಆಯ್ತು," ಎಂದ.

ನನಗೆ ಮೈಯೆಲ್ಲ ಉರಿಯಿತು. ಮಿಕ್ಸರು ಅಗ್ಗದ್ದಿರಬಹುದು, ಅಂಥ ಕೆಲಸಕ್ಕೆ ನಾವು ಸಿಗುವವರಲ್ಲಪ್ಪ ಎಂದೆ.

ಐದು ಜನ ಮಾತಾಡಿದರು. ಆರನೆಯವರು ವಾಸುದೇವಯ್ಯ. ಬಿಗಿದ ಮುಖ. ಜೇಬಿನಿಂದ ಮಡಚಿದ ಕಾಗದ ತೆಗೆದು "ನನ್ನ ಅಣ್ಣ" ಎಂದರು. ಅಲ್ಲಿಗೆ ಮೈಕ್ ಸತ್ತಿತು. ದನಿ ಮಾತ್ರ ಅಲ್ಲ, ಆ ಗುಂಯ್ ಸದ್ದೂ ನಿಂತಿತು. ಮಿಕ್ಸರಿನ ಕೆಂಪು ದೀಪ ಉರಿಯುತ್ತಲೇ ಇದೆ, ಮೀಟರಿನ ಮುಳ್ಳು ಮಾತ್ರ ಮಲಗಿದೆ.

ಮೊದಲು ನನಗೆ ಅನುಮಾನ ಬಂದದ್ದು ಕುಂಕುಮದ ಮೇಲೆ. ಹಿಂದಿನ ವಾರವಷ್ಟೇ ಆಯುಧಪೂಜೆ ಆಗಿತ್ತು. ಬೇಡ ಎಂದರೂ ಕೇಳದೆ ನಾಗರಾಜ ಮಿಕ್ಸರಿಗೆ ಧಾರಾಳವಾಗಿ ಅರಿಶಿನ ಕುಂಕುಮ ಹಚ್ಚಿ, ಅದು ಗುಂಡಿಗಳ ಸಂದಿಗೆಲ್ಲ ಇಳಿದುಹೋಗಿತ್ತು. ನಾನು ಎರಡು ದಿನ ಬ್ರಷ್ ಹಿಡಿದು ಕೂತು, ಅವನ ವಂಶವನ್ನೆಲ್ಲ ನೆನೆಯುತ್ತ ಕೆರೆದಿದ್ದೆ. ಉಳಿದುಕೊಂಡಿರಬೇಕು ಎಂದು ಮೈಕನ್ನು ಬೇರೆ ಚಾನಲ್ಲಿಗೆ ಹಾಕಿ, ನಾನೇ ಹೋಗಿ ಹಲೋ ಹಲೋ ಎಂದೆ. ಸರಿಯಾಗಿ ಕೇಳಿಸಿತು. ವಾಸುದೇವಯ್ಯ ಬಾಯಿ ತೆರೆದರು, ಮತ್ತೆ ಸತ್ತಿತು. ವೈರ್ ಬದಲಾಯಿಸಿದೆ. ನಾನು ಮಾತಾಡಿದರೆ ಬರುತ್ತದೆ, ಅವರು ಮಾತಾಡಿದರೆ ಇಲ್ಲ. ಭಾಷಣಕಾರರು ಮೈಕಿನ ಕುತ್ತಿಗೆಯ ಸ್ವಿಚ್ಚನ್ನು ಅದುಮಿಬಿಡುತ್ತಾರೆ ಎಂದು ನಾವು ಅದರ ಮೇಲೆ ಯಾವಾಗಲೂ ಟೇಪು ಸುತ್ತುತ್ತಿದ್ದೆವು. ಸುತ್ತಿದ ಟೇಪು ಸುತ್ತಿದ ಹಾಗೇ ಇತ್ತು.

ಇನ್ನು ಉಳಿದವನು ನಾಗರಾಜ. ರವಿ ಇವನನ್ನು ಒಪ್ಪಿಸಿಕೊಂಡನೇ ಎಂದು ಅವನ ಕೈಗಳನ್ನೇ ನೋಡಿದೆ. ಅವನಿಗೆ ಅರ್ಥವಾಯಿತು. "ನಮ್ಮಮ್ಮನಾಣೆ ನಾನು ಮುಟ್ಟಿಲ್ಲ ಕಣೋ," ಎಂದು ಎರಡೂ ಕೈ ಹಿಂದೆ ಕಟ್ಟಿ ನಿಂತ. ಬಾಗಿಲ ಬಳಿ ನಿಂತಿದ್ದ ರವಿಯಂತೂ, ನಾನೇ ಅವನ ಮಾತು ನಡೆಸಿಕೊಟ್ಟೆ ಎಂದುಕೊಂಡು ದೂರದಿಂದಲೇ ತಲೆಯಾಡಿಸಿದ. ಜನ ನನ್ನ ಕಡೆ ತಿರುಗಿ ಗುಸುಗುಸು ಶುರುಮಾಡಿದರು. ನನಗೆ ಅಳು ಬರುವುದೊಂದು ಬಾಕಿ.

ವಾಸುದೇವಯ್ಯ ಹಟ ಬಿಡಲಿಲ್ಲ. ತಲೆ ತಗ್ಗಿಸಿ ಕಾಗದವನ್ನು ಓದುತ್ತಲೇ ಹೋದರು. ಮೊದಲೇ ಸಣ್ಣ ದನಿ, ಮೇಲೆ ಫ್ಯಾನುಗಳ ಗದ್ದಲ, ಜನರ ಗುಸುಗುಸು. ತುಟಿ ಆಡುವುದು ಕಾಣುತ್ತಿತ್ತು, ಅಷ್ಟೇ. ಮುಂದಿನ ಸಾಲಿನವರಿಗೂ ಏನೂ ತಿಳಿಯಲಿಲ್ಲವಂತೆ. ಅವರು ಕಾಗದ ಮಡಚುವ ಹೊತ್ತಿಗೆ ಶಾರದಮ್ಮ ಕುರ್ಚಿಯಿಂದ ಎದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ವೇದಿಕೆ ಹತ್ತಿ ಮೈದುನನ ಕೈ ಹಿಡಿದುಕೊಂಡರು.

"ಸಾಕು ವಾಸು. ಎಲ್ಲಾ ಕೇಳಿಸ್ತು. ಬಾ, ಕೂತ್ಕೋ."

ಆ ಮನುಷ್ಯ ಬೆಪ್ಪಾಗಿ ಅವರ ಹಿಂದೆ ಇಳಿದು ಬಂದರು. ಹಿರಿಯಾಕೆ, ಅವನ ಮಾನ ಉಳಿಸಿದರು ಎಂದು ಎಲ್ಲರೂ ಮಾತಾಡಿಕೊಂಡರು. ನಾನೂ ಹಾಗೇ ತಿಳಿದೆ. ವಂದನಾರ್ಪಣೆಗೆ ರವಿ ಮೈಕಿನ ಮುಂದೆ ನಿಂತಾಗ ಅದೇ ಗುಂಯ್, ಅದೇ ಡಬ್ಬದ ದನಿ ವಾಪಸ್ಸು ಬಂದವು.

ಮಾರನೆಯ ದಿನವೇ ಮಿಕ್ಸರನ್ನು ಶ್ರೀನಗರಕ್ಕೆ ಹೊತ್ತೊಯ್ದು ನನ್ನ ಕಣ್ಣೆದುರೇ ಬಿಚ್ಚಿಸಿದೆ. ಒಂದು ಬೆಸುಗೆಯೂ ಬಿಟ್ಟಿರಲಿಲ್ಲ. ಮಾಡಿದವರು ನನ್ನನ್ನೇ ಅನುಮಾನದಿಂದ ನೋಡಿದರು. ಆಮೇಲೆ ಮೂರು ವರ್ಷ ಅದನ್ನು ಬಳಸಿದೆವು, ಒಂದು ದಿನವೂ ನಿಲ್ಲಲಿಲ್ಲ.

ವಾರ ಕಳೆದ ಮೇಲೆ ವಾಸುದೇವಯ್ಯ ನಮ್ಮ ಮನೆ ಹುಡುಕಿಕೊಂಡು ಬಂದರು. ಕೂರಲೂ ಇಲ್ಲ. ಅವತ್ತು ಅತ್ತಿಗೆ ಕೂತಿದ್ದ ಕಡೆಯ ಸ್ಪೀಕರಿನಲ್ಲಿ ಯಾವ ಕ್ಯಾಸೆಟ್ ಹಾಕಿದಿರಿ, ಯಾರು ಹಾಕಿಸಿದರು ಎಂದು ಜೋರು ಮಾಡಿದರು. ನಮ್ಮಲ್ಲಿ ಟೇಪ್ ರೆಕಾರ್ಡರೇ ಇಲ್ಲ ಎಂದೆ. ಆಗ ಆ ಕಾಗದವನ್ನು ನನ್ನ ಮುಂದೆ ಹಿಡಿದರು. ಓದಿದೆ. ಕ್ಷಮೆಯ ಒಂದಕ್ಷರವೂ ಅದರಲ್ಲಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಕೂಗಾಡಿದ್ದನ್ನೇ ಈ ಸಲ ಬರೆದುಕೊಂಡು, ಇನ್ನಷ್ಟು ಸೇರಿಸಿಕೊಂಡು ಬಂದಿದ್ದರು.

"ನಾನು ಓದಿದ್ದು ಇದು ಸಾರ್, ಒಂದಕ್ಷರ ಬಿಟ್ಟಿಲ್ಲ. ಅತ್ತಿಗೆ ಬೇರೇನೇ ಕೇಳಿಸ್ಕೊಂಡಿದಾರೆ. ಅಮ್ಮ ಮಲಗಿದ್ದಾಗ ನಾನು ಗೇಟ್ ತನಕ ಬಂದು, ನೋಡೋಕೆ ಧೈರ್ಯ ಸಾಲ್ದೆ ವಾಪಸ್ ಹೋದೆ, ಆ ಸಂಕಟ ತಾಳ್ಲಾರ್ದೆ ತಪ್ಪನ್ನ ನಿಮ್ಮ ಮೇಲೆ ಹಾಕ್ದೆ ಅಂತ ನಾನೇ ಮೈಕಲ್ಲಿ ಹೇಳಿದ್ನಂತೆ." ಅವರು ಕಾಗದ ಮಡಚಿದರು. "ಅದು ನಿಜ ಸಾರ್. ಆದ್ರೆ ಅದನ್ನ ನಾನು ಯಾರ ಹತ್ರಾನೂ ಹೇಳಿಲ್ಲ. ನನ್ನ ಹೆಂಡ್ತಿಗೂ ಗೊತ್ತಿಲ್ಲ."

ನಾನು ಸುಮ್ಮನಿರುವವನೇ? ಮುಂದಿನ ಭಾನುವಾರ ಶಾರದಮ್ಮನವರ ಮನೆಗೆ ಹೋದೆ. ಹೋಗುತ್ತಲೇ ಬೀದಿಯ ಕಡೆಯ ಕಿಟಕಿ ನೋಡಿದೆ. ಅಲ್ಲಿ ನಿಂತರೆ ಗೇಟು ಕಾಣುತ್ತದೆ. ಗೇಟಿನ ತನಕ ಬಂದ ಮೈದುನನನ್ನು ಆಕೆ ಅವತ್ತೇ ನೋಡಿರಬೇಕು, ಇಷ್ಟು ವರ್ಷ ನುಂಗಿಕೊಂಡಿದ್ದು, ಈಗ ಅವನ ಬಾಯಿಂದಲೇ ಬಂತು ಎಂದು ಕಥೆ ಕಟ್ಟಿರಬೇಕು. ಹಿಡಿದುಬಿಟ್ಟೆ ಎಂದುಕೊಂಡೆ. ಗಟ್ಟಿಯಾಗಿ, ಆದರೆ ಏನೂ ಅರಿಯದವನಂತೆ, ಅವತ್ತು ಮೈಕ್ ಹೇಗಿತ್ತಮ್ಮ ಎಂದು ಕೇಳಿದೆ.

"ಬೇರೆಯವರದ್ದೆಲ್ಲ ಗೊರ ಗೊರ ಅಂತಿತ್ತಪ್ಪ. ವಾಸು ಮಾತಾಡಿದ್ದು ಮಾತ್ರ ಪಕ್ಕದಲ್ಲೇ ಕೂತು ಹೇಳಿದ ಹಾಗಿತ್ತು. ಅಷ್ಟು ಚೆನ್ನಾಗಿ ನನಗೆ ಕಿವಿ ಕೇಳಿಸಿ ಎಷ್ಟು ವರ್ಷ ಆಗಿತ್ತೋ," ಎಂದರು. ಆ ಮುಖದಲ್ಲಿ ಕಳ್ಳತನವಿದ್ದರೆ ನನಗೆ ಸಿಗಬೇಕಿತ್ತು. ಸಿಗಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಕಾಫಿ ಹಿಡಿದು ಬಂದವರು ವಾಸುದೇವಯ್ಯ. ನನ್ನನ್ನು ಕಂಡು ಬಾಗಿಲಲ್ಲೇ ನಿಂತರು. ಆ ಕಾಗದದಲ್ಲಿದ್ದದ್ದು ಗೊತ್ತಿದ್ದವರು ನಾವಿಬ್ಬರೇ.

"ನಿಮಗೂ ಕೇಳಿಸ್ತಲ್ವಾ?" ಎಂದು ಶಾರದಮ್ಮ ನನ್ನನ್ನೇ ಕೇಳಿದರು.

ಕಿಟಕಿಯ ಮಾತು ಎತ್ತಬೇಕೆಂದು ಬಾಯಿ ತೆರೆದೆ. "ಕೇಳಿಸ್ತಮ್ಮ," ಎಂದುಬಿಟ್ಟೆ.

ವಾಸುದೇವಯ್ಯ ಲೋಟವನ್ನು ನನ್ನ ಕೈಗೆ ಕೊಟ್ಟು, ಅತ್ತಿಗೆಯ ಪಕ್ಕ ಹೋಗಿ ಕೂತರು. ಆ ಮಾತು ನನಗೆ ಕೇಳಿಸಿದ್ದು ಮೈಕಿನಲ್ಲಲ್ಲ, ನಮ್ಮ ಮನೆಯಲ್ಲಿ, ಅವರ ಬಾಯಿಂದಲೇ. ಅವತ್ತು ನಾನು ಆಡಿದ್ದು ಸುಳ್ಳೋ ಅಲ್ಲವೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.