ಟ್ರೌಟ್‌ಗೆ ತಂದ ಎರೆಹುಳ

ಇಂದು ಈ ಪರದೇಶದ ವಿಂಡಮ್ ವೇಲ್ ಊರಿನ ನಮ್ಮ ಹಿತ್ತಲು ಅಗೆಯುವಾಗ ಎರೆಹುಳ ಕಂಡು ಗುದ್ದಲಿ ಕೆಳಗಿಟ್ಟೆ; ಆ ಹಳೆಯ ದಿನ ನೆನಪಾಯಿತು.

ನಾನಾಗ ಎಂಟು ವರ್ಷದವಳು. ನಮ್ಮ ಪಿಆರ್, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ, ಇನ್ನೂ ಬಂದಿರಲಿಲ್ಲ. ಅಪ್ಪ ಗಾಳಕ್ಕೆ ತಗಡಿನ ಹುಸಿಮೀನು ಕಟ್ಟಿ, ಟ್ರೌಟ್ ಎಂಬ ಹೊಳೆಮೀನು ಸಿಗದೆ ಬೇಸತ್ತಿದ್ದರು. "ಜೀವಂತ ಹುಳಾ ಹಾಕ್ರಿ," ಎಂದು ಗೆಳೆಯರೊಬ್ಬರು ಎರೆಹುಳದ ಡಬ್ಬಿ ಕೊಟ್ಟಿದ್ದರು.

ಹೊಳೆಯ ದಡದಲ್ಲಿ ಸಮವಸ್ತ್ರದ ಮೀನುಗಾರಿಕೆ ಅಧಿಕಾರಿ ಬರುವುದು ಕಂಡಿತು. ಹುಳ ಹಾಕುವುದು ಸರಿಯೋ ತಪ್ಪೋ ಅಪ್ಪನಿಗೆ ಗೊತ್ತಿರಲಿಲ್ಲ. "ಮುಚ್ಚಿಡವ್ವಾ, ಪಿಆರ್‌ಗೆ ತೊಂದ್ರಿ ಆದೀತು," ಎಂದು ಡಬ್ಬಿಯನ್ನು ನನ್ನ ಜೇಬಿಗೆ ತುರುಕಿದರು. ನಾನು ಜೇಬಿನೊಳಗೆ ಕೈಯಿಟ್ಟು ಅದನ್ನು ಹಿಡಿದುಕೊಂಡೆ; ಮುಚ್ಚಳ ಕಳಚಿ ಹುಳಗಳು ಬೆರಳ ಸಂದಿಯಲ್ಲಿ ಹರಿದಾಡಿದವು. ಅಧಿಕಾರಿ ಲೈಸೆನ್ಸ್ ನೋಡಿ, ಗಾಳಕ್ಕೆ ಏನು ಹಾಕುತ್ತೀರಿ ಎಂದು ಕೇಳಿದ. ತಡೆಯಲಾಗದೆ ಅಳುತ್ತಾ ಕೈ ಹೊರತೆಗೆದೆ. ಎರೆಹುಳಕ್ಕೆ ಇಲ್ಲಿ ಅಡ್ಡಿಯಿಲ್ಲ ಎಂದು ನಕ್ಕು ಅವನು ಮುಂದೆ ಹೋದ.

ಅಪ್ಪ ನನ್ನ ಕೈ ತೊಳೆದರು. "ಸುಮ್ಮನ ಅಂಜಿ ನಿನ್ನ ಕೈಲೆ ಡಬ್ಬಿ ಮುಚ್ಚಿಸಿದ್ನಲ್ಲವ್ವಾ," ಎಂದರು.

ನಾವೀಗ ಈ ದೇಶದ ಪ್ರಜೆಗಳು. ಆದರೂ ಸಮವಸ್ತ್ರ ಕಂಡರೆ ಅಪ್ಪ ಎದ್ದು ನಿಲ್ಲುತ್ತಾರೆ.